ಬಿಷಪರ ಲಾಂಛನದಲ್ಲಿ ಕೋಳಿಯ ಪಾದ

ಕಳೆದ ತಿಂಗಳು ಮಂಗಳೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಇಗರ್ಜಿಯ ಗೋಡೆಗೆ ಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಅದರ ಮೂಲೆಯಲ್ಲಿ ಬಿಷಪರ ಭಾವಚಿತ್ರ, ಅದರ ಕೆಳಗೆ ಅವರ ಲಾಂಛನ: ಅಗಲ ಅಂಚಿನ ಹಸಿರು ಟೋಪಿ, ಟೋಪಿಯಿಂದ ಎರಡೂ ಬದಿಗೆ ಇಳಿಬಿದ್ದ ಗೊಂಡೆಗಳು, ನಡುವೆ ಗುರಾಣಿ. ನನ್ನ ಕಾಲು ತಾನಾಗಿಯೇ ರಸ್ತೆ ದಾಟಿತು. ಫ್ಲೆಕ್ಸಿನ ಮುಂದೆ ನಿಂತು ಬೆರಳು ನೀಡಿ ಗೊಂಡೆ ಎಣಿಸಿದೆ. ಎಡಕ್ಕೆ ಆರು, ಬಲಕ್ಕೆ ಆರು.

"ಎಂತ ಮೇಡಂ, ತಪ್ಪಾಗಿದೆಯಾ?" ಎಂದು ಗೇಟಿನ ಹತ್ತಿರ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು. ಪ್ರಿಂಟಿಂಗ್ ಪ್ರೆಸ್ಸಿನವಳು ಅಂದುಕೊಂಡಿರಬೇಕು.

"ಇಲ್ಲ, ಸರಿ ಉಂಟು," ಎಂದೆ. ಅಷ್ಟರಲ್ಲಿ ನನ್ನ ಬಸ್ಸು ಹೋಯಿತು.

ಈ ಚಟ ನನಗೆ ಅಂಟಿದ್ದು ನೈರೋಬಿಯಲ್ಲಿ, ಮಾರ್ಚಿನಲ್ಲಿ ಶುರುವಾಗಿ ಮೇ ಮುಗಿದರೂ ಬಿಡದೆ ಸುರಿದ ಒಂದು ಮಳೆಗಾಲದಲ್ಲಿ. ನನ್ನ ಗಂಡ ಪ್ರಸನ್ನ ಮಂಡ್ಯದವನು, ಟೆಲಿಕಾಂ ಕಂಪನಿಯಲ್ಲಿ ಕೆಲಸ. ಕಂಪನಿ ಅವನನ್ನು ನೈರೋಬಿಗೆ ಕಳಿಸಿತು, ನಾನು ಹಿಂದೆ ಹೋದೆ. ಕಿಲಿಮಾನಿ ಬಡಾವಣೆಯಲ್ಲಿ ಏಳನೆಯ ಮಹಡಿಯ ಮನೆ. ಬೆಂಗಳೂರಿನಲ್ಲಿದ್ದಾಗ ನಾನು ಶಾಲೆಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೆ. ಕಪ್ಪೆಯ ಜೀವನಚಕ್ರ, ಕಾವೇರಿಯ ಉಪನದಿಗಳು, ಸೋಫಾದ ಮೇಲೆ ನಗುತ್ತ ಕುಳಿತ ಚಿಕ್ಕ ಕುಟುಂಬ. ನೈರೋಬಿಯಲ್ಲಿ ಹೆಂಡತಿಯ ವೀಸಾದ ಮೇಲೆ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ನನ್ನ ಕಲೆ ಪರಿಚಯದವರ ಮಕ್ಕಳ ಹುಟ್ಟುಹಬ್ಬಕ್ಕೂ ಕನ್ನಡ ಸಂಘದ ರಾಜ್ಯೋತ್ಸವಕ್ಕೂ ಸೀಮಿತವಾಯಿತು. ರಾಜ್ಯೋತ್ಸವದ ಪರದೆಗೆ ನಾನು ಬರೆದ ಆನೆ ಸ್ವಲ್ಪ ಘೇಂಡಾಮೃಗದ ಕಡೆಗೆ ವಾಲಿತ್ತು. ಇದ್ದ ಊರಿಗೆ ತಕ್ಕ ಹಾಗೆ ಇರಲಿ ಎಂದು ಸಂಘದವರು ಸಮಾಧಾನ ಮಾಡಿಕೊಂಡರು.

ಆ ಆನೆಯನ್ನು ನೋಡಿಯೂ ನನ್ನ ಮೇಲೆ ನಂಬಿಕೆ ಇಟ್ಟವರು ಲಿಲ್ಲಿ ಬಾಯಿ ಒಬ್ಬರೇ. ನಮ್ಮ ಕರಾವಳಿಯಲ್ಲಿ ಹಿರಿಯ ಕ್ರೈಸ್ತ ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ. ಇವರು ಬಜ್ಪೆಯ ಕಡೆಯವರು, ನೈರೋಬಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಪಾರ್ಕ್‌ಲ್ಯಾಂಡ್ಸಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಕಸೂತಿ ಯಂತ್ರ ಇಟ್ಟುಕೊಂಡು ಪಾದ್ರಿಗಳ ಪೂಜೆಯ ಉಡುಪು ಹೊಲಿಯುತ್ತಿದ್ದರು. ಅವರ ಕೈ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ನನ್ನ ಜೊತೆ ತುಳುವಿನಲ್ಲಿ ಶುರುಮಾಡಿ, ಕನ್ನಡಕ್ಕೆ ಹಾರಿ, ಬೈಯುವುದಿದ್ದರೆ ಕೊಂಕಣಿಗೆ ಹೋಗುತ್ತಿದ್ದರು.

ಏಪ್ರಿಲ್ ಮೊದಲ ವಾರ ಅವರು ಫೋನು ಮಾಡಿದರು. "ಮಮತಾ, ನಮ್ಮ ಫಾದರ್ ಕ್ವಾಬೆನಾ ಬಿಷಪ್ ಆದ್ರು ಮಾರಾಯ್ತಿ! ಅವರದ್ದೇ ದೇಶದಲ್ಲಿ, ಘಾನಾದಲ್ಲಿ. ಜೂನಿನಲ್ಲಿ ದೀಕ್ಷೆ. ಅವರಿಗೊಂದು ಲಾಂಛನ ಬೇಕು. ನೀನು ಬರೀತಿ ಅಂತ ಹೇಳಿ ಆಯ್ತು."

"ಬಾಯಿ, ನಾನು ಇಗರ್ಜಿಯ ಒಳಗೇ ಸರಿಯಾಗಿ ಹೋದವಳಲ್ಲ."

"ಒಳಗೆ ಬರ್ಲಿಕ್ಕೆ ಯಾರು ಹೇಳಿದ್ದು? ನೀನು ಬರೆದ್ರೆ ಸಾಕು."

ಫಾದರ್ ಕ್ವಾಬೆನಾ ನೈರೋಬಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಲ್ಯಾವಿಂಗ್ಟನ್ನಿನಲ್ಲಿ ಪಾದ್ರಿಗಳ ಮನೆಯಲ್ಲಿ ವಾಸ, ಭಾನುವಾರ ಲಿಲ್ಲಿ ಬಾಯಿಯ ಇಗರ್ಜಿಯಲ್ಲಿ ಪೂಜೆ. ಐವತ್ತರ ಆಸುಪಾಸಿನ, ಆರಡಿಯ, ತೀರ ಮೆಲ್ಲಗೆ ಮಾತಾಡುವ ಮನುಷ್ಯ. ಮೊದಲ ದಿನ ಮಳೆಯಲ್ಲಿ ಅರ್ಧ ನೆನೆದು ಗ್ಯಾರೇಜಿಗೆ ಬಂದವರು ಬ್ಯಾಗಿನಿಂದ ಒಂದು ಪ್ರಿಂಟ್ ತೆಗೆದು ತೋರಿಸಿದರು. ಯುರೋಪಿನ ಯಾರೋ ಲಾಂಛನದ ಪರಿಣತರು ಕಳಿಸಿದ ನಮೂನೆ. ಹಿಂಗಾಲಿನ ಮೇಲೆ ನಿಂತ ಸಿಂಹ, ಮೂರು ನಕ್ಷತ್ರ, ಒಂದು ಕೋಟೆ.

"ಈ ಸಿಂಹವನ್ನು ನಾನು ಒಂದೇ ಸಲ ನೋಡಿದ್ದು," ಎಂದರು ಫಾದರ್. "ಇಲ್ಲಿಯ ನ್ಯಾಷನಲ್ ಪಾರ್ಕಿನಲ್ಲಿ, ವ್ಯಾನಿನ ಕಿಟಕಿಯಿಂದ. ಅದು ಮಲಗಿತ್ತು. ಕೋಟೆ ನೋಡಿಯೇ ಇಲ್ಲ. ನನ್ನ ಊರಿನವರಿಗೆ ಓದಲು ಬರುವಂಥದ್ದನ್ನು ಬರೆಯಬಹುದೇ?"

ಓದಲು ಬರುವಂಥ ಚಿತ್ರ ಎಂದರೇನು ಎಂದು ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಅವರು ಅಕಾನ್ ಜನ. ಅವರಲ್ಲಿ ಬಟ್ಟೆಯ ಮೇಲೆ ಅಚ್ಚೊತ್ತುವ ಚಿಹ್ನೆಗಳಿವೆ, ಒಂದೊಂದು ಚಿಹ್ನೆಯೂ ಒಂದೊಂದು ಗಾದೆ. ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ ಇದ್ದರೆ, ಮರೆತು ಬಂದದ್ದನ್ನು ಹಿಂದಿರುಗಿ ಹೋಗಿ ತರುವುದು ತಪ್ಪಲ್ಲ ಎಂದು. ಅರಸರ ಕೋಲಿನ ತುದಿಯಲ್ಲಿ ಕೆತ್ತುವ ಮೊಟ್ಟೆ ಹಿಡಿದ ಕೈ ಇದ್ದರೆ, ಅಧಿಕಾರ ಮೊಟ್ಟೆಯ ಹಾಗೆ, ಬಿಗಿಯಾಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ ಎಂದು. ಮಕ್ಕಳಿಗೆ ಹೆಸರಿಡುವುದೂ ಹುಟ್ಟಿದ ವಾರದ ಮೇಲೆ. ಕ್ವಾಬೆನಾ ಎಂದರೆ ಮಂಗಳವಾರ ಹುಟ್ಟಿದವನು.

"ನಮ್ಮಲ್ಲೂ ಹಿಂದೆ ಹಾಗೇ ಇಡ್ತಿದ್ರು," ಎಂದೆ. "ಮಂಗಳವಾರ ಹುಟ್ಟಿದವ ಅಂಗಾರ, ಶುಕ್ರವಾರ ಹುಟ್ಟಿದವ ತುಕ್ರ."

"ಹಾಗಾದರೆ ನಾನು ಫಾದರ್ ಅಂಗಾರ," ಎಂದು ಅವರು ಆ ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದರು. ಅಂದಿನಿಂದ ಲಿಲ್ಲಿ ಬಾಯಿ ಅವರ ಬೆನ್ನ ಹಿಂದೆ ಆ ಹೆಸರನ್ನೇ ಬಳಸತೊಡಗಿದರು.

ಗುರಾಣಿಯ ಮೇಲೆ ಮೂರು ಚಿತ್ರ ಎಂದು ತೀರ್ಮಾನವಾಯಿತು. ಮೇಲೆ ಎಡಕ್ಕೆ ಹಕ್ಕಿ, ಬಲಕ್ಕೆ ಮೊಟ್ಟೆ ಹಿಡಿದ ಕೈ. ಕೆಳಗಿನ ಅರ್ಧಕ್ಕೆ ಏನು ಎಂದು ಕೇಳಿದಾಗ ಫಾದರ್ ತುಸು ತಡೆದು, "ಪೀಠ," ಎಂದರು. ಅಕಾನ್ ಅರಸರು ಕೂರುವ, ಒಂದೇ ಮರದಲ್ಲಿ ಕಡೆದ, ನಡುವೆ ಬಾಗಿದ ಗಿಡ್ಡ ಮಣೆಯಂಥ ಪೀಠ. ಯಾಕೆ ಪೀಠ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹಕ್ಕಿ ಸುಲಭವಾಗಿ ಬಂತು. ಕಷ್ಟವಾದದ್ದು ಮೊಟ್ಟೆ. ಕೈ ಎಷ್ಟು ಬಿಗಿ ಇರಬೇಕು, ಎಷ್ಟು ಸಡಿಲ ಎಂದು ತಿಳಿಯದೆ ಒಂದು ಭಾನುವಾರ ಬೆಳಿಗ್ಗೆ ಪ್ರಸನ್ನನನ್ನು ಬಾಲ್ಕನಿಯ ಬೆಳಕಿಗೆ ಕೂರಿಸಿ ಅವನ ಕೈಗೆ ಮೊಟ್ಟೆ ಕೊಟ್ಟೆ. ಹತ್ತು ನಿಮಿಷ ಚೆನ್ನಾಗಿಯೇ ಕುಳಿತಿದ್ದ. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು.

"ಸರ್ವರ್ ಡೌನಾ? ಯಾವಾಗಿಂದ?" ಎಂದ. ಮೊಟ್ಟೆ ಒಡೆಯಿತು.

ಎರಡನೆಯದು ಕೆಳಗಿನ ರಸ್ತೆಯಲ್ಲಿ ಹೋದ ಮಟಾಟು ವ್ಯಾನಿನ ಹಾರನ್ನಿಗೆ ಬೆಚ್ಚಿ ಬಿತ್ತು. ಮೂರನೆಯದನ್ನು ಹಿಡಿದು, "ಅಲ್ಲ ಕಣೇ, ಬಿಷಪ್ಪು ಅವ್ರು, ಕೈ ಯಾಕೆ ನಂದು?" ಎಂದು ವಾದ ಮಾಡುತ್ತ ಅದನ್ನೂ ಒಡೆದ. ಅಧಿಕಾರದ ಬಗ್ಗೆ ಅಕಾನರು ಹೇಳಿದ್ದು ಅಕ್ಷರಶಃ ನಿಜ ಎಂದು ನಮಗೆ ಮನದಟ್ಟಾಯಿತು. ನಾಲ್ಕನೆಯದನ್ನು ಬೇಯಿಸಿ ಕೊಟ್ಟೆ.

ಇನ್ನು ಗೊಂಡೆ. ಫಾದರ್ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಹಸಿರು ಟೋಪಿ, ಎರಡೂ ಬದಿಗೆ ಗೊಂಡೆಗಳ ಸಾಲು, ಮೇಲಿಂದ ಒಂದು, ಎರಡು, ಮೂರು. ಹಾಗೆಯೇ ಬರೆದೆ. ಆದರೆ ಗುರಾಣಿಯ ಪಕ್ಕದಲ್ಲಿ ಕೆಳಗಡೆ ಜಾಗ ಖಾಲಿ ಉಳಿದು ಬೋಳು ಬೋಳಾಗಿ ಕಂಡಿತು. ಚಿಕ್ಕಂದಿನಿಂದ ಚುಕ್ಕಿ ರಂಗೋಲಿ ಹಾಕಿದ ಕೈ. ಒಂದು, ಎರಡು, ಮೂರು ಆದಮೇಲೆ ನಾಲ್ಕು ಬಾರದಿದ್ದರೆ ಬೆರಳು ತುರಿಸುತ್ತದೆ. ಎರಡೂ ಬದಿಗೆ ನಾಲ್ಕನೆಯ ಸಾಲು ಸೇರಿಸಿದೆ. ಈಗ ಎಷ್ಟು ತುಂಬಿಕೊಂಡು ಕಂಡಿತು ಎಂದರೆ ನನಗೇ ಹೆಮ್ಮೆಯಾಯಿತು.

ಫಾದರ್ ಆ ವಾರ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮುಳುಗಿದ್ದರು. ಚಿತ್ರವನ್ನು ಫೋನಿನಲ್ಲಿ ನೋಡಿ, "ಪೀಠ ಬಹಳ ಚೆನ್ನಾಗಿದೆ," ಎಂದಷ್ಟೇ ಬರೆದರು. ಅವರ ಕಣ್ಣು ಪೀಠದಿಂದ ಆಚೆಗೆ ಹೋಗಿರಲಿಲ್ಲ. ಲಿಲ್ಲಿ ಬಾಯಿ ಅಂದೇ ಬಿಳಿ ಸ್ಯಾಟಿನ್ ಮೇಲೆ ದೊಡ್ಡ ಬ್ಯಾನರಿನ ಕಸೂತಿ ಶುರುಮಾಡಿದರು. ನಾಲ್ಕು ದಿನದಲ್ಲಿ ಮುಗಿಸಿ, ಗ್ಯಾರೇಜಿನ ಬಾಗಿಲಿಗೆ ತೂಗುಹಾಕಿ ಫೋಟೋ ತೆಗೆದು ಇಗರ್ಜಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಘಾನಾದ ಒಬ್ಬ ನರ್ಸ್ ಇದ್ದರು. ಮರುದಿನ ಬೆಳಿಗ್ಗೆಯ ಹೊತ್ತಿಗೆ ಫೋಟೋ ಫಾದರಿನ ಹುಟ್ಟೂರಿನ ಪ್ರತಿಯೊಂದು ಫೋನಿನಲ್ಲೂ ಇತ್ತು.

ಮೊದಲ ಸಂದೇಶ ಅಲ್ಲಿಯ ಆರ್ಚ್‌ಬಿಷಪರ ಕಚೇರಿಯಿಂದ ಬಂತು. ಬಹಳ ವಿನಯದ ಸಂದೇಶ. ಬದಿಗೆ ಹತ್ತು ಗೊಂಡೆ ಇರುವುದು ಆರ್ಚ್‌ಬಿಷಪರಿಗೆ, ಬಿಷಪರಿಗೆ ಆರೇ. ತಮಗೆ ತಿಳಿಯದ ಹಾಗೆ ಬಡ್ತಿಯ ಆದೇಶವೇನಾದರೂ ರೋಮಿನಿಂದ ಬಂದಿದೆಯೇ ಎಂದು ಕೇಳಿದ್ದರು.

ಎರಡನೆಯದರಲ್ಲಿ ವಿನಯ ಇರಲಿಲ್ಲ. ಅದು ಫಾದರಿನ ಊರಿನ ಅರಸನ ಮನೆಯಿಂದ ಬಂದದ್ದು. ಅರಸ ಬೇರೆ ಯಾರೂ ಅಲ್ಲ, ಅವರ ಚಿಕ್ಕಮ್ಮನ ಮಗ ಕೋಫಿ. ಪೀಠ ಬೇಡವೆಂದು ಹೋದವನು ಈಗ ಪೀಠವನ್ನು ಎದೆಯ ಮೇಲೆ ಬರೆಸಿಕೊಂಡದ್ದು ಯಾಕೆಂದು ಊರು ಕೇಳುತ್ತಿದೆ, ಉತ್ತರ ಸಿಗುವವರೆಗೆ ಅರಸನ ಮನೆಯಿಂದ ಯಾರೂ ದೀಕ್ಷೆಗೆ ಬರುವುದಿಲ್ಲ, ತಾಯಿಯೂ ಬರುವುದಿಲ್ಲ ಎಂದಿತ್ತು.

ಅಂದು ಮಧ್ಯಾಹ್ನ ಫಾದರ್ ಗ್ಯಾರೇಜಿಗೆ ಬಂದಾಗ ಲಿಲ್ಲಿ ಬಾಯಿ ತಪ್ಪೊಪ್ಪಿಗೆಗೆ ನಿಂತವರ ಹಾಗೆ ತಲೆ ಬಗ್ಗಿಸಿ ನಿಂತಿದ್ದರು. ನಾನು ಅವರ ಹಿಂದೆ ನಿಂತಿದ್ದೆ.

"ಒಂದೇ ಚಿತ್ರದಲ್ಲಿ ಆರ್ಚ್‌ಬಿಷಪರ ಸ್ಥಾನವನ್ನೂ ತಮ್ಮನ ಪೀಠವನ್ನೂ ಕಸಿದುಕೊಂಡಿದ್ದೇನೆ," ಎಂದರು ಫಾದರ್. ನಗಲು ನೋಡಿದರು, ಆಗಲಿಲ್ಲ. ಕುರ್ಚಿಯ ಮೇಲೆ ಕುಸಿದು ಕುಳಿತರು.

ಆಗ ವಿಷಯ ಹೊರಬಂತು. ಅಕಾನರಲ್ಲಿ ಪೀಠ ಅಪ್ಪನಿಂದ ಮಗನಿಗೆ ಹೋಗುವುದಿಲ್ಲ. ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಕ್ವಾಬೆನಾ ಹಿರಿಯ ಅಳಿಯ. ಮಾವ ಅವರನ್ನು ಚಿಕ್ಕಂದಿನಿಂದ ಪಕ್ಕದಲ್ಲಿ ಕೂರಿಸಿಕೊಂಡು ಬೆಳೆಸಿದ್ದರು. ಇವರು ಹತ್ತೊಂಬತ್ತಕ್ಕೆ ಸೆಮಿನರಿಗೆ ಹೊರಟರು. ಮಾವ ಏನೂ ಅನ್ನಲಿಲ್ಲ. ಅಂದದ್ದು ತಾಯಿ. ಮಾವ ತೀರಿಕೊಂಡಮೇಲೆ ಪೀಠ ಚಿಕ್ಕಮ್ಮನ ಮಗನಿಗೆ ಹೋಯಿತು. ತಾಯಿ ಮಗನ ಗುರುದೀಕ್ಷೆಗೆ ಬಂದರು, ಆದರೆ ಕೊನೆಯ ಬೆಂಚಿನಲ್ಲಿ ಕುಳಿತು ಪೂಜೆ ಮುಗಿಯುವ ಮೊದಲೇ ಎದ್ದು ಹೋದರು.

"ಅಪ್ಪನ ಆಸ್ತಿ ಇರ್ಲಿಲ್ವಾ ಫಾದರ್? ಮಾವನದ್ದು ಯಾಕೆ ಬೇಕು?" ಎಂದು ಲಿಲ್ಲಿ ಬಾಯಿ ಕೇಳಿದರು. ಫಾದರ್ ಮೂವತ್ತು ವರ್ಷದಿಂದ ಇದೇ ಪ್ರಶ್ನೆಗೆ ಉತ್ತರ ಕೊಟ್ಟು ದಣಿದವರ ಹಾಗೆ ಕಣ್ಣು ಮುಚ್ಚಿದರು.

"ಬಾಯಿ, ಅದು ಅಳಿಯಸಂತಾನ," ಎಂದೆ. "ನಮ್ಮ ಬಂಟರ ಹಾಗೇ."

ಫಾದರ್ ಕಣ್ಣು ತೆರೆದು ನನ್ನನ್ನೇ ನೋಡಿದರು.

ಶನಿವಾರ ತಾಯಿಗೆ ವಿಡಿಯೋ ಕರೆ ಮಾಡುವುದೆಂದಾಯಿತು. ಅಂದು ಗ್ಯಾರೇಜಿನ ತಗಡಿನ ಮೇಲೆ ಮಳೆ ಕಲ್ಲು ಸುರಿದ ಹಾಗೆ ಸುರಿಯುತ್ತಿತ್ತು. ಕರೆಂಟು ಹೋಗಿ ಯಂತ್ರಗಳು ನಿಂತಿದ್ದವು. ಕಿಟಕಿಯ ಬೆಳಕಿನಲ್ಲಿ ನಾವು ಮೂವರೂ ಬ್ಯಾನರಿನ ಸುತ್ತ ಕುಳಿತು, ಸಣ್ಣ ಕತ್ತರಿ ಹಿಡಿದು, ಹೆಚ್ಚಾದ ಎಂಟು ಗೊಂಡೆಗಳ ಹಸಿರು ನೂಲು ಬಿಚ್ಚುತ್ತಿದ್ದೆವು. ಫೋನನ್ನು ನೂಲಿನ ಡಬ್ಬಕ್ಕೆ ಒರಗಿಸಿದ್ದೆವು.

ತೆರೆಯ ಮೇಲೆ ಮೊದಲು ಬರೀ ಹಣೆ ಕಂಡಿತು. ಆಮೇಲೆ ಯಾರೋ ಫೋನು ಸರಿಪಡಿಸಿದಾಗ ಇಡೀ ಮುಖ. ಬುಡಕ್ಕೆ ಕತ್ತರಿಸಿದ ಬಿಳಿ ಕೂದಲು, ದಪ್ಪ ಕನ್ನಡಕ. ಅವರ ಹೆಸರು ಅಮಾ, ನಿವೃತ್ತ ಶಾಲಾಶಿಕ್ಷಕಿ, ಊರೆಲ್ಲ ಅಮಾ ಟೀಚರ್ ಎನ್ನುತ್ತಿತ್ತು. ಲಿಲ್ಲಿ ಬಾಯಿಗೆ ಅದು ಅಮ್ಮ ಎಂದೇ ಕೇಳಿಸಿ ಕೊನೆಯವರೆಗೂ ಹಾಗೇ ಕರೆದರು. ಪಕ್ಕದಲ್ಲಿ ಅರಸ ಕೋಫಿ ಕುಳಿತಿದ್ದ. ಔಷಧಿ ಅಂಗಡಿ ಇಟ್ಟುಕೊಂಡಿರುವ ದಪ್ಪ ಮನುಷ್ಯ, ಶರ್ಟಿನ ಮೇಲೆಯೇ ಒಂದು ಹೆಗಲಿಗೆ ಅರಸು ವಸ್ತ್ರ ಹೊದ್ದಿದ್ದ.

ಫಾದರ್ ಬಾಯಿ ತೆರೆಯುವ ಮೊದಲೇ ಅಮಾ ಟೀಚರ್ ಕೈ ಎತ್ತಿ ಇಂಗ್ಲಿಷಿನಲ್ಲಿ ಕೇಳಿದರು, "ನಿನ್ನ ಮಾತಿನವರು ಎಲ್ಲಿ?"

ಫಾದರ್ ನಮ್ಮ ಕಡೆ ಬಾಗಿ ಪಿಸುಗುಟ್ಟಿದರು. "ಅರಸನ ಮುಂದೆ ನೇರ ಮಾತಾಡುವಂತಿಲ್ಲ. ನಡುವೆ ಒಬ್ಬರು ಬೇಕು. ಕೈಯಲ್ಲಿ ಕೋಲು ಹಿಡಿದು, ಎರಡೂ ಕಡೆಯ ಮಾತನ್ನು ಮೆತ್ತಗೆ ಮಾಡಿ ಮುಟ್ಟಿಸುವವರು." ಅವರ ಕಣ್ಣು ನನ್ನ ಮೇಲಿತ್ತು. ಆದರೆ ಅಷ್ಟರಲ್ಲಿ ಲಿಲ್ಲಿ ಬಾಯಿ ಬಟ್ಟೆ ಅಳೆಯುವ ಮರದ ಗಜಕೋಲು ಹಿಡಿದು ಎದ್ದು ನಿಂತಾಗಿತ್ತು. ಮೆತ್ತಗೆ ಎಂಬ ಮಾತೊಂದು ಅವರಿಗೆ ಮಳೆಯ ಸದ್ದಿನಲ್ಲಿ ಕೇಳಿಸಿರಲಿಲ್ಲ.

"ಅವನನ್ನು ಕೇಳಿ," ಎಂದರು ಅಮಾ ಟೀಚರ್, "ಬಿಟ್ಟುಹೋದ ಪೀಠವನ್ನು ಈಗ ಯಾಕೆ ಬರೆಸಿಕೊಂಡ?"

ಲಿಲ್ಲಿ ಬಾಯಿ ಮೂರು ಅಡಿ ದೂರದಲ್ಲಿದ್ದ ಫಾದರಿನ ಕಡೆ ತಿರುಗಿದರು. "ಫಾದರ್, ನಿಮ್ಮ ಅಮ್ಮ ಕೇಳ್ತಾರೆ, ನಾಚಿಕೆ ಆಗ್ಲಿಲ್ವಾ ಅಂತ."

"ಅವರು ಹಾಗೆ ಹೇಳಲಿಲ್ಲ."

"ಅರ್ಥ ಅದೇ ಅಲ್ವಾ?"

"ಅರ್ಥ ಅದೇ," ಎಂದಿತು ಫೋನು.

ಫಾದರ್ ಕತ್ತರಿ ಕೆಳಗಿಟ್ಟರು. ಸ್ವಲ್ಪ ಹೊತ್ತು ಹಸಿರು ನೂಲಿನ ತುಣುಕುಗಳನ್ನೇ ಬೆರಳಿನಿಂದ ಗುಡ್ಡೆ ಮಾಡುತ್ತಿದ್ದರು. "ಮಾವ ಸತ್ತಾಗ ನಾನು ಅಳಲಿಲ್ಲ," ಎಂದರು. "ಅತ್ತಿದ್ದರೆ ಪೀಠಕ್ಕಾಗಿ ಅಳುತ್ತಾನೆ ಅನ್ನುತ್ತಿದ್ದರು. ಮೂಲೆಯಲ್ಲಿ ಸುಮ್ಮನೆ ನಿಂತಿದ್ದೆ. ನನ್ನನ್ನು ಬೆಳೆಸಿದವರು ಅವರು. ಅವರ ಗುರುತು ಒಂದಾದರೂ ನನ್ನ ಜೊತೆ ಇರಲಿ ಎಂದು ಬರೆಸಿದೆ. ಕೂರುವುದಕ್ಕಲ್ಲ."

ಲಿಲ್ಲಿ ಬಾಯಿ ಗಜಕೋಲು ಹಿಡಿದು ನಿಂತೇ ಇದ್ದರು. ಅವರು ಒಂದು ಮಾತನ್ನು ತಿರುಗಿಸಿ ಹೇಳದೆ ಬಿಟ್ಟದ್ದನ್ನು ನಾನು ಮೊದಲ ಸಲ ನೋಡಿದೆ. ಹೇಳುವ ಅಗತ್ಯವೂ ಇರಲಿಲ್ಲ. ಆ ಕಡೆ ಅಮಾ ಟೀಚರ್ ಕನ್ನಡಕ ತೆಗೆದು ಒರೆಸುತ್ತಿದ್ದರು.

ಕೋಫಿ ಗಂಟಲು ಸರಿಮಾಡಿಕೊಂಡ. "ಅದೆಲ್ಲ ಸರಿ. ಆದರೆ ಪೀಠವನ್ನು ನೇರ ನಿಲ್ಲಿಸಿ ಬರೆದಿದ್ದೀರಿ. ನಮ್ಮಲ್ಲಿ ಕುಳಿತವರು ಎದ್ದಮೇಲೆ ಪೀಠವನ್ನು ಪಕ್ಕಕ್ಕೆ ಮಲಗಿಸುತ್ತೇವೆ. ಖಾಲಿ ಪೀಠ ನೇರ ಇದ್ದರೆ ಯಾರು ಬೇಕಾದರೂ ಬಂದು ಕೂರಬಹುದು ಎಂದಾಗುತ್ತದೆ. ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದವರೆಲ್ಲ ಕೇಳುತ್ತಿದ್ದಾರೆ, ನೀವು ಇಳಿಯುವುದು ಯಾವಾಗ ಅಂತ."

ನನಗೆ ತಡೆಯಲಾಗಲಿಲ್ಲ. "ಬರೆದದ್ದು ನಾನು. ತಪ್ಪು ನನ್ನದು. ನನಗೆ ಮೊದಲೇ ಅರ್ಥ ಆಗಬೇಕಿತ್ತು. ನಮ್ಮ ಮನೆಯಲ್ಲೂ ಎಲ್ಲ ಮಾವನಿಂದ ಅಳಿಯನಿಗೇ."

ಅಮಾ ಟೀಚರ್ ಕನ್ನಡಕ ಹಾಕಿಕೊಂಡು ಫೋನಿನ ಹತ್ತಿರ ಬಂದರು. "ಯಾರು ಇವಳು? ಇಂಡಿಯಾದಲ್ಲಿ ಅಪ್ಪನಿಂದ ಮಗನಿಗೆ ಅಲ್ಲವೇ?"

"ನಮ್ಮ ಕಡೆ ಹಿಂದೆಲ್ಲ ತಾಯಿಯ ಕಡೆಯಿಂದ. ಮನೆತನದ ಹೆಸರೂ ತಾಯಿಯದ್ದೇ."

"ಕೋಫಿ, ಕೇಳಿದೆಯಾ? ಅಲ್ಲಿಯೂ ಬುದ್ಧಿ ಇರುವವರಿದ್ದಾರೆ." ಆಮೇಲೆ ನನಗೆ, "ನಿನ್ನ ಮಾವ ಇದ್ದಾರಾ? ನಿನ್ನ ಚಿತ್ರ ನೋಡಿ ಏನನ್ನುತ್ತಾರೆ?"

ಶಾಲೆಯಲ್ಲಿ ಟೀಚರ್ ಎದ್ದು ನಿಲ್ಲಿಸಿದ ಹಾಗಾಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮಾತಿಲ್ಲ. ಹನ್ನೊಂದು ವರ್ಷ ಆಯಿತು. ಮದುವೆಯ ವಿಷಯ ಅವರಿಗೆ ಹೇಳದೆ ರಿಜಿಸ್ಟರ್ ಮಾಡಿಕೊಂಡೆವು. ಹುಡುಗ ಬೇರೆ ಜಾತಿ, ಬೇರೆ ಊರು. ಅವರು ಮನೆಯ ಯಜಮಾನರು. ಬಾಯಿಗೆ ಬಂದ ಹಾಗೆ ಬೈದರು. ಅಜ್ಜಿ ಇದ್ದರು ಆಗ. ಹೋಗಿ ಮಾತಾಡು, ಕೋಳಿ ತುಳಿದರೆ ಮರಿ ಸಾಯ್ತದಾ ಅಂದರು. ನಾನು ಹೋಗಲಿಲ್ಲ."

ಗಾದೆಯನ್ನು ಇಂಗ್ಲಿಷಿಗೆ ಹೇಗೋ ತಂದೆ. ತೆರೆಯ ಮೇಲಿನ ಇಬ್ಬರೂ ಫೋನಿನತ್ತ ಬಾಗಿದರು. ಪಕ್ಕಕ್ಕೆ ತಿರುಗಿದರೆ ಫಾದರ್ ನನ್ನನ್ನು ಬಾಯಿ ತೆರೆದು ನೋಡುತ್ತಿದ್ದರು.

"ಇನ್ನೊಮ್ಮೆ ಹೇಳು," ಎಂದರು ಅಮಾ ಟೀಚರ್.

"ಕೋಳಿ ತುಳಿದರೆ ಮರಿ ಸಾಯುವುದಿಲ್ಲ."

ಅವರು ಕೋಫಿಯ ತೊಡೆಗೆ ಪಟ್ಟನೆ ಬಡಿದು ತಮ್ಮ ಭಾಷೆಯಲ್ಲಿ ಏನೋ ಕೂಗಿದರು. ಇಬ್ಬರೂ ನಗತೊಡಗಿದರು. ಫಾದರ್ ನನಗೆ ಹೇಳಿದರು, "ಇದು ನಮ್ಮ ಗಾದೆ. ಅಕ್ಷರಕ್ಕೆ ಅಕ್ಷರ ನಮ್ಮದು. ಬಟ್ಟೆಯ ಮೇಲೆ ಇದಕ್ಕೊಂದು ಚಿಹ್ನೆಯೂ ಇದೆ. ಕೋಳಿಯ ಪಾದ."

"ನಿಮ್ಮದು ಹೇಗಾಗ್ತದೆ? ನಮ್ಮ ಅಜ್ಜಿಯದ್ದು," ಎಂದೆ.

ನಗು ನಿಂತಮೇಲೆ ಅಮಾ ಟೀಚರ್ ತೀರ್ಪು ಕೊಟ್ಟರು. "ಪೀಠ ತೆಗೆಯಿರಿ. ಅದು ಕೋಫಿಯದು. ಆ ಜಾಗಕ್ಕೆ ಕೋಳಿಯ ಪಾದ ಬರಲಿ."

ಫಾದರಿನ ಮುಖ ನೋಡಬೇಕಿತ್ತು. "ಅಮ್ಮಾ, ಬಿಷಪರ ಗುರಾಣಿಯ ಮೇಲೆ ಕೋಳಿ ಕಾಲೇ?"

"ಮಾತಿನವರೇ, ಅವನಿಗೆ ಹೇಳಿ. ನಾನು ಅವನನ್ನು ತುಳಿದೆ. ಸತ್ತನೇ? ಬಿಷಪ್ ಆದ. ನಾಳೆ ಅವನೂ ಎಷ್ಟೋ ಜನರನ್ನು ತುಳಿಯಬೇಕಾಗುತ್ತದೆ. ಸಾಯದ ಹಾಗೆ ತುಳಿಯುವುದು ಹೇಗೆಂದು ದಿನಾ ನೋಡಿ ಕಲಿಯಲಿ."

ಲಿಲ್ಲಿ ಬಾಯಿ ಗಜಕೋಲನ್ನು ನೆಲಕ್ಕೆ ಕುಟ್ಟಿದರು. "ಫಾದರ್, ಕೋಳಿ. ಮುಗೀತು."

ಮುಂದಿನ ವಾರ ಕೋಳಿಯದ್ದೇ ಕೆಲಸ. ಪಠ್ಯಪುಸ್ತಕದ ಅಭ್ಯಾಸದಂತೆ ನಾನು ನಿಜವಾದ ಕಾಲನ್ನೇ ಬರೆದೆ. ಮಾರುಕಟ್ಟೆಗೆ ಹೋಗಿ ಕುಕು, ಅಂದರೆ ಕೋಳಿ, ಮಾರುವ ಹೆಂಗಸಿನ ಪಂಜರದ ಮುಂದೆ ಕೂತು ಉಗುರು, ಹುರುಪೆ, ಹಿಂಬೆರಳು ಎಲ್ಲ ಗುರುತು ಮಾಡಿಕೊಂಡು ಬಂದೆ. ಆಕೆ ಅರ್ಧ ಗಂಟೆ ತಾಳಿಕೊಂಡು, ಕೊಳ್ಳುತ್ತೀಯೋ ಇಲ್ಲ ಮದುವೆಯಾಗುತ್ತೀಯೋ ಎಂದು ಕೇಳಿದಳು. ಫಾದರ್ ನನ್ನ ಚಿತ್ರ ನೋಡಿ, "ಇದು ಸೂಪಿಗೆ ಹೋಗುವ ಕಾಲು," ಎಂದರು. ತಾವೇ ಪೆನ್ಸಿಲ್ ಹಿಡಿದು ಬಟ್ಟೆಯ ಮೇಲಿನ ಚಿಹ್ನೆ ಹೇಗಿರುತ್ತದೆಂದು ತೋರಿಸಿದರು. ಬೆರಳುಗಳು ಮೇಲೆ ಸುರುಳಿ ಸುತ್ತಿಕೊಂಡು, ದೂರದಿಂದ ನೋಡಿದರೆ ಹೂವಿನಂತೆ ಕಾಣುತ್ತಿತ್ತು.

"ಲಿಲ್ಲಿ ಹೂ ಹಾಗೇ ಉಂಟು," ಎಂದರು ಲಿಲ್ಲಿ ಬಾಯಿ. ಬಿಷಪರು ತನ್ನ ಹೆಸರನ್ನು ಗುರಾಣಿಯಲ್ಲಿ ಇಟ್ಟುಕೊಂಡಿದ್ದಾರೆ ಎಂಬ ಸುದ್ದಿ ಮುಂದಿನ ಭಾನುವಾರ ಇಗರ್ಜಿಯ ತುಂಬ ಹರಡಿತು. ಹರಡಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಪೀಠದ ನೂಲು ಬಿಚ್ಚಿದ ಜಾಗದಲ್ಲಿ ಸ್ಯಾಟಿನ್ ತುಸು ಸುಕ್ಕಾಗಿತ್ತು. ಪಾದವನ್ನು ಒಂದು ಅಂಗುಲ ದೊಡ್ಡದು ಮಾಡಿ ಸುಕ್ಕು ಮುಚ್ಚಿದೆವು. ಗೊಂಡೆಗಳನ್ನು ಮೂವರೂ ಬೇರೆ ಬೇರೆಯಾಗಿ ಎಣಿಸಿ ಆರು, ಆರು ಎಂದು ಒಪ್ಪಿಕೊಂಡೆವು. ಫಾದರ್ ಮೇ ಕೊನೆಯಲ್ಲಿ ಬ್ಯಾನರನ್ನು ಕೈಚೀಲದಲ್ಲೇ ಇಟ್ಟುಕೊಂಡು ವಿಮಾನ ಹತ್ತಿದರು.

ದೀಕ್ಷೆಯ ದಿನ ಲಿಲ್ಲಿ ಬಾಯಿಯ ಮನೆಯಲ್ಲಿ ಟಿವಿಗೆ ಫೋನು ಜೋಡಿಸಿ ನೇರಪ್ರಸಾರ ನೋಡಿದೆವು. ನಮ್ಮ ಬ್ಯಾನರು ವೇದಿಕೆಯ ಮೇಲೆ ತೂಗುತ್ತಿತ್ತು. ಡೋಲು, ಹಾಡು, ಬಣ್ಣಬಣ್ಣದ ವಸ್ತ್ರದ ಜನಸಾಗರ. ದೀಕ್ಷೆಗೆ ಮುಂಚೆ ಫಾದರ್ ವೇದಿಕೆಯ ಮುಂದೆ ನೆಲದ ಮೇಲೆ ಬೋರಲಾಗಿ ಮಲಗಿದರು. ಅಲ್ಲಿಗೆ ಚಿತ್ರ ನಿಂತಿತು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ, ಫಾದರ್ ಮಲಗಿಯೇ ಇದ್ದರು.

"ಏಳ್ಲಿಕ್ಕೆ ಆಗ್ತಾ ಇಲ್ವಾ ಎಂತ? ಬೆನ್ನು ಹಿಡೀತಾ?" ಎಂದು ಲಿಲ್ಲಿ ಬಾಯಿ ಜಪಮಾಲೆ ತೆಗೆದರು.

"ನೆಟ್‌ವರ್ಕ್ ಆಂಟಿ, ಅವ್ರದ್ದಲ್ಲ ಪ್ರಾಬ್ಲಮ್ಮು," ಎಂದು ಪ್ರಸನ್ನ ಹೇಳಿದ. ಟೆಲಿಕಾಂ ಕಂಪನಿಯವನೆಂದು ಎಲ್ಲರೂ ಅವನನ್ನು ದುರುಗುಟ್ಟಿ ನೋಡಿದರು.

ಚಿತ್ರ ಮತ್ತೆ ಬಂದಾಗ ಅವರು ಎದ್ದು, ಬಿಷಪ್ ಆಗಿ, ತಲೆಯ ಮೇಲೆ ಕಿರೀಟ ಧರಿಸಿ ಜನರ ನಡುವೆ ಹರಸುತ್ತ ನಡೆದಾಗಿತ್ತು. ಮುಖ್ಯವಾದದ್ದೇ ತಪ್ಪಿತಲ್ಲ ಎಂದು ಪೇಚಾಡುತ್ತಿದ್ದೆವು. ಅವರು ಮೊದಲ ಸಾಲಿಗೆ ಬಂದರು. ಅಲ್ಲಿ ನೀಲಿ ವಸ್ತ್ರದಲ್ಲಿ ಅಮಾ ಟೀಚರ್ ನಿಂತಿದ್ದರು, ಪಕ್ಕದಲ್ಲಿ ಕೊಡೆಯ ಕೆಳಗೆ ಅರಸ ಕೋಫಿ. ಬಿಷಪರು ಬಾಗಿ ತಾಯಿಯ ಕೈ ಹಿಡಿದರು. ಅಮಾ ಟೀಚರ್ ಒಂದು ಹೆಜ್ಜೆ ಮುಂದೆ ಬಂದು, ಬಲಗಾಲಿನ ಚಪ್ಪಲಿ ಕಳಚಿ, ಮಗನ ಹೊಳೆಯುವ ಕಪ್ಪು ಬೂಟಿನ ಮೇಲೆ ಪಾದ ಇಟ್ಟು ಚೆನ್ನಾಗಿ ಒತ್ತಿದರು.

ಆ ಜನಸಾಗರ ಒಮ್ಮೆಲೇ ಬೊಬ್ಬೆ ಹೊಡೆಯಿತು. ಹೆಂಗಸರು ಬಿಳಿ ಕರವಸ್ತ್ರ ಬೀಸಿದರು. ಹೊಸ ಬಿಷಪರು ಕಿರೀಟ ಓರೆಯಾಗಿ, ಮಾವ ಸತ್ತಾಗ ಅಳದಿದ್ದ ಮನುಷ್ಯ, ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಇಲ್ಲಿ ಲಿಲ್ಲಿ ಬಾಯಿ ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಪ್ರಸನ್ನ ಆಫೀಸಿಗೆ ಹೋದಮೇಲೆ ಮಾವನ ನಂಬರು ತೆಗೆದೆ. ಅಮ್ಮನ ತಮ್ಮ, ತುಳುವಿನಲ್ಲಿ ನಾವು ತಮ್ಮಲೆ ಎನ್ನುತ್ತೇವೆ. ಕಾರ್ಕಳದಲ್ಲಿರುತ್ತಾರೆ. ರಿಂಗಾಯಿತು, ಕಟ್ಟಾಯಿತು. ಮತ್ತೆ ಮಾಡಿದೆ, ಕಟ್ಟಾಯಿತು. ಮೂರನೆಯ ಸಲವೂ ಕಟ್ಟಾದಾಗ ಇನ್ನೂ ಸಿಟ್ಟು ಇಳಿದಿಲ್ಲ ಎಂದು ಫೋನು ಕೆಳಗಿಟ್ಟೆ. ಚಹಾ ಮಾಡಿ ಕುಡಿದೆ. ಆಮೇಲೆ ಇನ್ನೊಂದೇ ಸಲ ಎಂದು ಒತ್ತಿದೆ.

"ಏರ್ ಅವು?" ಎಂದು ಗದರಿದ ಧ್ವನಿ ಕೇಳಿಸಿತು. ಯಾರು ಅದು ಎಂದು.

"ತಮ್ಮಲೆ, ಯಾನ್ ಮಮತಾ."

ಆ ಕಡೆ ಟಿವಿಯ ಸದ್ದು ನಿಂತಿತು. ತುಳುವಿನಲ್ಲೇ ಹೇಳಿದರು, "ನೀನಾ? ಇದು ಯಾವ ದೇಶದ ನಂಬರು ಮಾರಾಯ್ತಿ! ಬ್ಯಾಂಕಿನ ಹೆಸರಿನಲ್ಲಿ ಮೋಸ ಮಾಡುವ ಕಳ್ಳರು ಅಂತ ಮೂರು ಸಲ ಕಟ್ ಮಾಡಿದೆ."

ನನಗೆ ನಗುವೋ ಅಳುವೋ ತಿಳಿಯಲಿಲ್ಲ. "ನೈರೋಬಿಯದ್ದು," ಎಂದೆ.

"ಅಲ್ಲಿ ಮಳೆ ಉಂಟಾ?"

"ಉಂಟು. ನಿಲ್ಲುವುದೇ ಇಲ್ಲ."

"ಹ್ಞೂಂ," ಎಂದು ಗಂಟಲು ಸರಿಮಾಡಿಕೊಂಡರು. ಆಮೇಲೆ ಬೈಯಲು ಶುರುಮಾಡಿದರು. ಹನ್ನೊಂದು ವರ್ಷದ್ದು ಬಾಕಿ ಇತ್ತು. ನಾನು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಕಾಲು ಮಡಿಚಿ ಕುಳಿತು, ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.